ಕೊಡ ಎತ್ತುವ ಕೆಲಸ

ಬಡವರ ಗುಡಿಸಲು ಕೀಳಲು ಬಡವರೇ ಬೇಕು. ಸಾಹೇಬರು ಕೀಳುವುದಿಲ್ಲ. ಸಾಹೇಬರು ಜೀಪಿನ ಪಕ್ಕ ನಿಂತು ಬೆರಳು ತೋರಿಸುತ್ತಾರೆ. ಬೆರಳು ತೋರಿಸಿದ ಕಡೆ ಲಾರಿಯಿಂದ ಧುಮುಕುವವರು ನಮ್ಮವರೇ. ಕಲಬುರಗಿಯವರು, ವಿಜಯಪುರದವರು, ಗುತ್ತಿಗೆಯ ಕೂಲಿಗಳು. ಮೇಲೆ ಹೊದಿಸಿದ ತಾಡಪತ್ರಿ ಹರಿಯುತ್ತಾರೆ. ಬಿದಿರು ಕೀಳುತ್ತಾರೆ. ಉರಿಯುವ ಒಲೆಗೆ ನೀರು ಸುರಿಯುತ್ತಾರೆ. ಸಂಜೆ ಮನೆಗೆ ಹೋಗಿ ತಮ್ಮ ಒಲೆಯ ಮುಂದೆ ಕೂತು ಉಣ್ಣುತ್ತಾರೆ. ಮುಂಬೈಯಲ್ಲಿ ಇದಕ್ಕೂ ನೌಕರಿ ಎನ್ನುತ್ತಾರೆ.

ಬಂಡೆಪ್ಪ ಅಂಥ ಒಂದು ಲಾರಿಯವನು. ದಹಿಸರಿನ ಚಾಳಿನಲ್ಲಿ ಹೆಂಡತಿ ಇಂದ್ರಾಬಾಯಿಯ ಜೊತೆ ಬಾಡಿಗೆಗೆ ಇದ್ದ. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಮಲಾಡಿಗೆ ಬರುತ್ತಿದ್ದ. ಮೊದಲು ಗಟಾರ ಬಳಿಯುತ್ತಿದ್ದ. ವಾರ್ಡ್ ಆಫೀಸಿನವರು ಅವನನ್ನು ಗಟಾರದಿಂದ ಎತ್ತಿ ಲಾರಿಗೆ ಹಾಕಿದ್ದು ಒಂದೇ ಕಾರಣಕ್ಕೆ. ಅವನು ದೇವರನ್ನು ಎತ್ತುತ್ತಿದ್ದ.

ಫುಟ್‌ಪಾತಿನಲ್ಲಿರುವ ನಮ್ಮ ಕಡೆಯ ಜನ ಗುಡಿಸಲಿನ ಬಾಗಿಲಿಗೇ ಎಲ್ಲಮ್ಮನ ಕೊಡ ಇಡುತ್ತಾರೆ. ಹಿತ್ತಾಳೆಯ ಕೊಡ, ಅದರ ಮೇಲೆ ತಾಯಿಯ ಮುಖ, ಸುತ್ತ ಹಸಿರು ಸೀರೆ, ಮೈತುಂಬ ಅರಿಶಿಣದ ಭಂಡಾರ. ಭಕ್ತಿಯೂ ಇತ್ತು, ಉಪಾಯವೂ ಇತ್ತು. ಮಕ್ಕಳ ಪಾಟಿಚೀಲವನ್ನು ಗಟಾರಕ್ಕೆ ಎಸೆಯುವ ಲಾರಿಯ ಕೂಲಿಗಳು ಕೊಡ ಕಂಡರೆ ನಿಂತುಬಿಡುತ್ತಿದ್ದರು. ಮುಟ್ಟಿದ ಕೈ ಬಾತುಹೋಗುತ್ತದೆ ಎಂದು ಒಬ್ಬ ಹೇಳಿದರೆ, ಸತ್ತೇಹೋದವನನ್ನು ಕಂಡಿದ್ದೇನೆ ಎಂದು ಇನ್ನೊಬ್ಬ. ಕೊಡ ಎದ್ದ ಹೊರತು ಗುಡಿಸಲು ಏಳುತ್ತಿರಲಿಲ್ಲ.

ಬಂಡೆಪ್ಪನ ಅವ್ವ ಆ ಕೊಡ ಹೊತ್ತು ಮಲಾಡಿನ ಮಾರ್ಕೆಟ್ಟಿನಲ್ಲಿ ಜೋಗ ಬೇಡಿ ಮಗನನ್ನು ಸಾಕಿದವಳು. ತಾಯಿಯನ್ನು ಹೇಗೆ ಎತ್ತಬೇಕು ಎಂಬುದು ಅವನಿಗೆ ಗೊತ್ತಿತ್ತು. ನಳದಲ್ಲಿ ಕೈಕಾಲು ತೊಳೆದು, ಚಪ್ಪಲಿ ಬಿಟ್ಟು, ಅಡ್ಡಬಿದ್ದು, ಹಣೆಗೆ ಭಂಡಾರ ಹಚ್ಚಿಕೊಂಡು, ‘ಉಧೋ’ ಎಂದು ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಡ್ರೈವರನ ಪಕ್ಕದ ಸೀಟಿನ ಮೇಲೆ ಹೊಸ ಬಟ್ಟೆ ಹಾಸಿ ಕೂಡಿಸುತ್ತಿದ್ದ. ಆಮೇಲೆ ಉಳಿದದ್ದು ಬರೀ ಸಾಮಾನು. ಅದನ್ನು ಯಾರು ಬೇಕಾದರೂ ಒದೆಯಬಹುದಿತ್ತು. ಹುಟ್ಟಿದೂರಿನ ಗುಡಿಯ ಮೆಟ್ಟಿಲನ್ನು ಅವನ ಕೈ ಮುಟ್ಟಲು ಬಿಟ್ಟಿರಲಿಲ್ಲ. ಇಲ್ಲಿ ಅದೇ ಕೈ ಸರಕಾರಕ್ಕೆ ಬೇಕಾಗಿತ್ತು. ಎತ್ತಿದ ದೇವರುಗಳನ್ನು ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಶುಕ್ರವಾರ ಕಾವಲುಗಾರ ದೀಪ ಹಚ್ಚುತ್ತಿದ್ದ. ದೇವರುಗಳ ಒಡೆಯರು ಮಾತ್ರ ಮುಂದಿನ ಸಿಗ್ನಲ್ಲಿನ ಹತ್ತಿರ ಮಲಗುತ್ತಿದ್ದರು.

ಒಂದು ದಿನ ಲಾರಿಯ ಉಸ್ತುವಾರಿ ನೋಡುವ ಸಚಿನ ಬಂಡೆಪ್ಪನನ್ನು ಒಬ್ಬನನ್ನೇ ಕರೆದ. ಸಚಿನನ ಅಜ್ಜ ಬೆಳಗಾವಿ ಕಡೆಯವನು. ಮೊಮ್ಮಗನಿಗೆ ಕನ್ನಡ ತಿಳಿಯುತ್ತಿತ್ತು, ಆಡಲು ತೊದಲುತ್ತಿದ್ದ. ಕೆಲಸ ಆಗಬೇಕಾದಾಗ ಮಾತ್ರ ಆಡುತ್ತಿದ್ದ.

“ಬಂಡೆಪ್ಪಾ, ಈ ಸಲ ತೋಡ್‌ಫೋಡ್ ಬೇಡ. ಶೆಲ್ಟರ್ ನೋಡ್ಲಿಕ್ಕೆ ಮೇಲಿಂದ ಸಾಹೇಬ್ ಲೋಗ್ ಬರ್ತಾರೆ. ಮನೆ ಇಲ್ಲದವರ ಶೆಲ್ಟರ್, ಖಾಲಿ ಇದೆ. ಬ್ರಿಜ್ ಕೆಳಗಿನವರು ಅಲ್ಲಿ ಹೋಗ್ಬೇಕು. ಖುಷಿಯಿಂದ ಹೋಗ್ಬೇಕು. ನೀನು ಬೋಲ್ ನಾ ಅವರಿಗೆ.”

“ಗಂಡ-ಹೆಂಡ್ತಿ, ಮಕ್ಕಳು ಕೂಡೇ ಇರಾಕ ಬಿಡ್ತಾರೇನ್ರಿ ಸಾಹೇಬ್ರ?”

“ಸಬ್ ಇದೆ. ಪಂಖಾ ಇದೆ, ಪಾಯಖಾನೆ ಇದೆ. ನೀನು ಬೋಲ್.”

ಸಬ್ ಇದೆ ಎಂದ. ಕೂಡೇ ಇರಬಹುದು ಎನ್ನಲಿಲ್ಲ. ಬಂಡೆಪ್ಪ ಕಿವುಡನಲ್ಲ, ಅವನಿಗೆ ಅದು ಗೊತ್ತಾಯಿತು. ಇನ್ನೊಮ್ಮೆ ಕೇಳಬೇಕು ಎಂದು ನಾಲಿಗೆಯ ತುದಿಗೆ ಬಂತು. ಕೇಳಿದರೆ ಸಚಿನ ಇಲ್ಲ ಎಂದುಬಿಟ್ಟಾನು. ಇಲ್ಲ ಎಂದರೆ ನಾಳೆ ಬೆಳಿಗ್ಗೆ ತಾನು ಮತ್ತೆ ಕಾಲು ತೊಳೆದುಕೊಂಡು ಬ್ರಿಜ್ಜಿನ ಕೆಳಗಿನ ಶರಣವ್ವನ ಕೊಡಕ್ಕೆ ಕೈ ಹಾಕಬೇಕು. ಅದು ಅವನಿಗೆ ಬೇಡವಾಗಿತ್ತು. ಆದ್ದರಿಂದ ಕೇಳಲಿಲ್ಲ.

ಶರಣವ್ವ ಅವನ ಪಕ್ಕದ ಊರಿನವಳು. ಒಡಹುಟ್ಟಿದವಳಲ್ಲ, ಆದರೂ ಅಕ್ಕ ಎನ್ನುತ್ತಿದ್ದ. ಅವಳ ಗಂಡ ಪರಪ್ಪ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವವನು. ಬಿಲ್ಡಿಂಗಿನ ಹೊರಗೆ ಕಟ್ಟಿದ ಬಿದಿರಿನ ಅಟ್ಟದಿಂದ ಬಿದ್ದು ಸೊಂಟ ಮುರಿದು ಕಾಲಿನ ಸ್ವಾಧೀನ ಕಳೆದುಕೊಂಡಿದ್ದ. ಗುತ್ತಿಗೆದಾರ ಆಸ್ಪತ್ರೆಯ ಬಾಗಿಲಿನವರೆಗೆ ಬಂದವನು ಒಳಗೆ ಬರಲಿಲ್ಲ. ಅಂದಿನಿಂದ ಹೈವೇ ಬ್ರಿಜ್ಜಿನ ಕೆಳಗೆ ಹಲಗೆಯ ಮೇಲೆ ಪರಪ್ಪ ಮಲಗಿಯೇ ಇದ್ದ. ಶರಣವ್ವ ಎದುರಿನ ಬಿಲ್ಡಿಂಗುಗಳಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಎರಡು ಮನೆಯ ಕೆಲಸದ ನಡುವೆ ಓಡಿಬಂದು ಅವನ ಮಗ್ಗಲು ಬದಲಿಸುತ್ತಿದ್ದಳು. ಬದಲಿಸದಿದ್ದರೆ ಬೆನ್ನಿನ ಚರ್ಮ ಹುಣ್ಣಾಗಿ ಹರಿದೀತು ಎಂಬ ಅಂಜಿಕೆ. ಹೊಲಸು ತೊಳೆಯುತ್ತಿದ್ದಳು. ಕೂಡಿಸಿ ಉಣ್ಣಿಸುತ್ತಿದ್ದಳು. ಮಗಳು ಭುವನೇಶ್ವರಿ ಶಾಲೆಯಿಂದ ಬಂದ ಮೇಲೆ ಅವಳ ಪಾಳಿ. ಹೀಗೆ ಆ ಮನುಷ್ಯ ಬದುಕಿದ್ದ.

ಆ ಸಂಜೆ ಬಂಡೆಪ್ಪ ಹೋದಾಗ ಬ್ರಿಜ್ಜಿನ ಕೆಳಗಿನವರೆಲ್ಲ ಸೇರಿದ್ದರು. ಲಾರಿ ಬರುವ ಸುದ್ದಿ ಸಿಕ್ಕಿತ್ತು. ಕಲ್ಲು ಕೂಡಿಸಿಟ್ಟುಕೊಂಡಿದ್ದರು. ಅವನು ಶೆಲ್ಟರಿನ ಮಾತು ತೆಗೆದ. ಪಂಖಾ ಎಂದ, ಪಾಯಖಾನೆ ಎಂದ.

ಶರಣವ್ವ ಕೇಳಿದಳು: “ನನಗ ಪಂಖಾ ಬ್ಯಾಡ ತಮ್ಮಾ. ಮ್ಯಾಲ ಸೂರು ಇರ್ಲಿಲ್ಲಂದ್ರೂ ನಡೀತೈತಿ. ಇಂವನ್ನ ಬಿಟ್ಟು ಇರೂ ಹಂಗ ಆಗಬಾರ್ದು, ಅಷ್ಟ. ಕೂಡೇ ಇಡ್ತಾರ?”

“ಕೂಡೇ ಇಡ್ತಾರ.”

“ಯಾರು ಹೇಳ್ಯಾರ?”

“ಸಾಹೇಬ ಹೇಳ್ಯಾನ.”

ಶರಣವ್ವ ಕೊಡದ ಮುಂದಿನ ಭಂಡಾರದ ತಟ್ಟೆಯನ್ನು ಅವನ ಕಡೆ ಸರಿಸಿದಳು.

“ಭಂಡಾರ ಮುಟ್ಟಿ ಹೇಳು.”

ನಮ್ಮಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳಿದವರು ಬೇಕಾದಷ್ಟು ಇದ್ದಾರೆ. ಹೆತ್ತ ಮಕ್ಕಳ ತಲೆ ಮುಟ್ಟಿ ಸುಳ್ಳು ಹೇಳಿದವರೂ ಇದ್ದಾರೆ. ಭಂಡಾರ ಮುಟ್ಟಿ ಸುಳ್ಳು ಹೇಳಿದವರ ಸುದ್ದಿ ನಾನಂತೂ ಕೇಳಿಲ್ಲ. ಬಂಡೆಪ್ಪ ಮುಟ್ಟಿದ. ಕೂಡೇ ಇಡ್ತಾರ, ಎಂದ. ತಾನು ಸುಳ್ಳು ಹೇಳುತ್ತಿಲ್ಲ, ಸಾಹೇಬ ಹೇಳಿದ್ದನ್ನು ಹೇಳುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಮನಸ್ಸಿಗೆ ಗಂಟು ಹಾಕುವುದು ಸುಲಭ.

ಬೆಳಿಗ್ಗೆ ಲಾರಿ ಬಂದು ನಿಂತಾಗ ಶರಣವ್ವ ತಾನೇ ಕೊಡ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಅವಳು ಎತ್ತಿದ್ದನ್ನು ಕಂಡು ಉಳಿದವರು ಕೈಯಲ್ಲಿದ್ದ ಕಲ್ಲು ಕೆಳಗೆ ಹಾಕಿದರು. ಒಬ್ಬರೂ ಬೈಯಲಿಲ್ಲ. ಹೆಂಗಸರು ತಮ್ಮ ಪಾತ್ರೆಗಳನ್ನು ತಾವೇ ಕಟ್ಟಿಕೊಟ್ಟರು. ಸಚಿನ ಬಂಡೆಪ್ಪನ ಭುಜ ತಟ್ಟಿದ.

ಶೆಲ್ಟರ್ ಒಂದು ಹಳೆಯ ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ನಡೆಯಲಾಗದವರು ಈ ಊರಲ್ಲಿ ಇರುತ್ತಾರೆ ಎಂದು ಕಟ್ಟಿಸಿದವರಿಗೆ ಹೊಳೆದಿರಲಿಲ್ಲ. ಬಂಡೆಪ್ಪ ಪರಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡು ಹತ್ತಿದ. ಪರಪ್ಪನ ಕಾಲುಗಳು ಮೆಟ್ಟಿಲಿಗೆ ತಾಗಿ ತಾಗಿ ಬರುತ್ತಿದ್ದವು. ಅವನಿಗೆ ಅದು ತಿಳಿಯುತ್ತಿರಲಿಲ್ಲ.

ಮೇಲೆ ಹಾಸಿಗೆಗಳಿದ್ದವು. ಪಂಖಾಗಳಿದ್ದವು. ಪ್ರತಿ ಸಂಸಾರಕ್ಕೂ ಒಂದೊಂದು ಹೊಸ ಕಂಬಳಿ ಕೊಟ್ಟು ಸಾಲಾಗಿ ಕೂಡಿಸಿದರು. ಮೇಲಿನಿಂದ ಬಂದ ಸಾಹೇಬರು ಪರಪ್ಪನ ತಲೆ ಸವರಿದರು. ಶರಣವ್ವನಿಗೆ ನಗು ಎಂದರು. ಅವಳು ನಕ್ಕಳು. ಫೋಟೋ ತೆಗೆದರು. ಸಾಹೇಬರ ಕಾರು ಹೋದ ಮೇಲೆ ಶೆಲ್ಟರಿನ ಕೇರ್‌ಟೇಕರ್ ಕಂಬಳಿಗಳನ್ನು ಒಟ್ಟು ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ ಹೆಂಗಸರೆಲ್ಲ ಕೆಳಗಿಳಿಯಿರಿ ಎಂದ. ಇದು ಗಂಡಸರ ಶೆಲ್ಟರ್. ಹೆಂಗಸರದ್ದು ಊರಿನ ಇನ್ನೊಂದು ತುದಿಯಲ್ಲಿದೆ, ಗಾಡಿ ನಿಂತಿದೆ. ಗಂಡಸರೂ ಅಷ್ಟೇ, ಬೆಳಿಗ್ಗೆ ಹೊರಗೆ ಹೋಗಬೇಕು, ಸಂಜೆ ಬರಬೇಕು. ಕೊಡ ಒಳಗೆ ಇಡುವಂತಿಲ್ಲ.

ಶರಣವ್ವ ಬಂಡೆಪ್ಪನನ್ನು ನೋಡಿದಳು. ಬಂಡೆಪ್ಪ ಸಚಿನನನ್ನು ನೋಡಿದ. ಸಚಿನ ಮೊಬೈಲ್ ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದುಹೋದ.

“ಕಾಕಾ,” ಎಂದಳು ಭುವನೇಶ್ವರಿ, “ಕೂಡೇ ಇಡ್ತಾರ ಅಂದಿದ್ರಿ.”

ಶರಣವ್ವ ಗಾಡಿ ಹತ್ತಲಿಲ್ಲ. ಮಗಳ ಕೈ ಹಿಡಿದು, ಕೊಡ ಹೊತ್ತು, ಶೆಲ್ಟರಿನ ಎದುರಿನ ಫುಟ್‌ಪಾತಿಗೆ ಹೋಗಿ ಕೂತಳು. ಅದೇ ದಿನ ಲಾರಿಯವರನ್ನು ಬ್ರಿಜ್ಜಿಗೆ ವಾಪಸು ಕಳಿಸಿದರು. ಕೆಳಗೆ ಯಾರೂ ನುಸುಳದ ಹಾಗೆ ಕಬ್ಬಿಣದ ಜಾಳಿಗೆ ಕಟ್ಟಿ, ಒಳಗೆ ಹೂವಿನ ಕುಂಡಗಳನ್ನು ಇಡುವುದಿತ್ತು. ಪರಪ್ಪನ ಹಲಗೆ ಇದ್ದ ಜಾಗದಲ್ಲಿ ಬಂಡೆಪ್ಪ ಕುಂಡ ಇಟ್ಟ. ನೀರೂ ಹಾಕಿದ.

ಆಮೇಲೆ ಅವನು ದಾರಿ ಬದಲಿಸಿದ. ಸ್ಟೇಷನ್ನಿನಿಂದ ಆಫೀಸಿಗೆ ಶೆಲ್ಟರಿನ ಮುಂದೆಯೇ ಹೋಗಬೇಕು. ಅವನು ಮೀನು ಮಾರ್ಕೆಟ್ ಸುತ್ತಿ ಹೋಗತೊಡಗಿದ. ಕೇಳಿದವರಿಗೆ ಅಲ್ಲಿ ಗದ್ದಲ ಕಡಿಮೆ ಎಂದ. ಮೀನು ಮಾರ್ಕೆಟ್ಟಿನಲ್ಲಿ ಗದ್ದಲ ಕಡಿಮೆಯಂತೆ! ತಪ್ಪು ಮಾಡಿದವನ ಕಾಲಿಗೆ ಊರೆಲ್ಲ ಸುತ್ತುದಾರಿ. ತನ್ನನ್ನು ಕಂಡರೆ ತನಗೇ ಹೇಸಿಕೆಯಾಗುತ್ತಿತ್ತು.

ನಳದ ಕಟ್ಟೆಯಲ್ಲಿ ಸುದ್ದಿ ಕೇಳಿದ ಇಂದ್ರಾಬಾಯಿ ಒಂದು ಸಂಜೆ ಅವನಿಗೆ ರೊಟ್ಟಿ ಬಡಿಸಿ ಎದುರಿಗೆ ಕೂತಳು.

“ಶರಣಕ್ಕ ರಸ್ತೆದಾಗ ಕುಂತಾಳಂತ.”

“ಹೂಂ.”

“ನೀ ಭಂಡಾರ ಮುಟ್ಟಿ ಹೇಳಿದ್ಯಂತ.”

“ಸಾಹೇಬ ಹೇಳಿದ, ನಾ ಹೇಳಿದೆ.”

“ಸಾಹೇಬ ಭಂಡಾರ ಮುಟ್ಟಿದ್ನೇನು?”

ಬಂಡೆಪ್ಪ ತಟ್ಟೆ ದೂರ ಸರಿಸಿದ. “ಇಲ್ಲಿಗೇ ಕರ್ಕೊಂಡು ಬರ್ಲೇನು?” ಎಂದ.

ಇಂದ್ರಾಬಾಯಿ ಕೋಣೆಯ ನಾಲ್ಕು ಗೋಡೆ ನೋಡಿದಳು. ಕೈ ಚಾಚಿದರೆ ಎರಡು ಗೋಡೆ ಸಿಗುವ ಕೋಣೆ.

“ಮಾಲಕ ಬಿಡಂಗಿಲ್ಲ,” ಎಂದಳು. ಆಮೇಲೆ ತಲೆ ತಗ್ಗಿಸಿ, “ಮಾಲಕನ ಹೆಸರ ಯಾಕ ಹೇಳ್ಲಿ? ನಾನ ಬ್ಯಾಡ ಅಂತೀನಿ. ನನಗೂ ಹೊರಗ ಬೀಳೂ ಅಂಜಿಕಿ ಐತಿ. ಇಷ್ಟು ದಿನ ಆ ಲಾರಿ ಪಗಾರದಾಗ ನಾನೂ ಉಂಡೇನಿ,” ಎಂದಳು. ಕಣ್ಣೊರೆಸಿಕೊಂಡಳು. ಎದ್ದು ರೊಟ್ಟಿ, ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿದಳು. “ಇದನ್ನಾದ್ರೂ ಒಯ್ದು ಕೊಡು. ಮೀನು ಮಾರ್ಕೆಟ್ ಸುತ್ತಬ್ಯಾಡ.”

ಮರುದಿನ ಬೆಳಿಗ್ಗೆ ಅವನು ಹೋದಾಗ ಪರಪ್ಪ ಶೆಲ್ಟರಿನ ಕೆಳಗಿನ ಮೆಟ್ಟಿಲ ಮೇಲೆ ಬಿದ್ದಿದ್ದ. ದಿನಾ ಬೆಳಗಾದರೆ ಶೆಲ್ಟರಿನ ಇಬ್ಬರು ಆಳುಗಳು ಅವನನ್ನು ಸಿಮೆಂಟಿನ ಚೀಲ ಇಳಿಸಿದ ಹಾಗೆ ಇಳಿಸಿ ಹೋಗುತ್ತಿದ್ದರು. ಸಂಜೆ ಹಾಗೆಯೇ ಏರಿಸುತ್ತಿದ್ದರು. ಮೇಲೆ ಅವನ ಮಗ್ಗಲು ಬದಲಿಸುವವರಿಲ್ಲ. ರಾತ್ರಿ ಮಾಡಿಕೊಂಡದ್ದು ಬೆಳಗಿನವರೆಗೆ ಅವನ ಕೆಳಗೇ ಇರುತ್ತಿತ್ತು. ಶರಣವ್ವ ಬಕೆಟ್ಟಿನಲ್ಲಿ ನೀರು ತಂದು ರಸ್ತೆಯ ಮೇಲೆ, ಹೋಗುವ ಬರುವವರ ಕಣ್ಣೆದುರಿಗೆ, ಗಂಡನನ್ನು ತೊಳೆಯುತ್ತಿದ್ದಳು. ಭುವನೇಶ್ವರಿ ಸೀರೆಯೊಂದನ್ನು ಅಡ್ಡ ಹಿಡಿದು ನಿಂತಿದ್ದಳು. ಶಾಲೆಗೆ ಹೋಗಿರಲಿಲ್ಲ.

ಬಂಡೆಪ್ಪ ಬಕೆಟ್ಟಿಗೆ ಕೈ ಹಾಕಿದ. ಶರಣವ್ವ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಪರಪ್ಪನನ್ನು ಮಗ್ಗಲಿಗೆ ಹೊರಳಿಸಿದಾಗ ಬೆನ್ನು ಕಂಡಿತು. ಚರ್ಮ ಇರಲಿಲ್ಲ. ಅಂಗೈ ಇಡುವಷ್ಟು ಜಾಗದಲ್ಲಿ ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು. ನೊಣ ಕೂತಿದ್ದವು. ಬ್ರಿಜ್ಜಿನ ಕೆಳಗೆ, ಧೂಳಿನಲ್ಲಿ, ವರ್ಷಗಟ್ಟಲೆ ಆಗದ ಹುಣ್ಣು ಸರಕಾರದ ಹಾಸಿಗೆಯ ಮೇಲೆ ಆಗಿತ್ತು. ಬಂಡೆಪ್ಪ ನೊಣ ಓಡಿಸಿದ.

“ನೀ ಹೇಳಿದ್ದು ಖರೆ ಬಂಡೆಪ್ಪ,” ಎಂದ ಪರಪ್ಪ. “ಪಂಖಾ ಐತಿ. ಚೊಲೋ ತಿರಗತೈತಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬಂಡೆಪ್ಪ ತಲೆ ತಗ್ಗಿಸಿ ತೊಳೆದ. ತೊಳೆದ ನೀರು ಗಟಾರಕ್ಕೆ ಹರಿದು ಹೋಯಿತು. ಅವನು ರೊಟ್ಟಿಯ ಗಂಟು ಮುಂದೆ ಇಟ್ಟ. ಶರಣವ್ವ ಅದನ್ನು ಮಗಳ ಕಡೆ ತಳ್ಳಿದಳು. ತಾನು ಮುಟ್ಟಲಿಲ್ಲ.

ಆ ಹೊತ್ತಿಗೆ ಕೇರ್‌ಟೇಕರ್ ಕೆಳಗಿಳಿದು ಬಂದ. ಮೂಗಿಗೆ ಕರವಸ್ತ್ರ ಹಿಡಿದು ಹಿಂದಿಯಲ್ಲಿ ಹೇಳಿದ. ಇಂದಿನಿಂದ ಈ ಮನುಷ್ಯನನ್ನು ಮೇಲೆ ಸೇರಿಸುವುದಿಲ್ಲ. ವಾಸನೆಯೆಂದು ಉಳಿದವರು ತಕರಾರು ಮಾಡುತ್ತಿದ್ದಾರೆ. ಶೆಲ್ಟರಿಗೆ ನಡೆದಾಡುವವರು ಬೇಕು. ಇಷ್ಟು ಹೇಳಿ ಅವನು ಚಹಾ ಕುಡಿಯಲು ಹೋದ.

ಬ್ರಿಜ್ಜಿಗೆ ಜಾಳಿಗೆ ಬಿದ್ದಿತ್ತು. ಫುಟ್‌ಪಾತಿನಲ್ಲಿ ಪೊಲೀಸನ ಲಾಠಿ ಇತ್ತು. ಗಂಡನನ್ನು ಬಿಟ್ಟು ಹೋಗಲಾಗದೆ ಶರಣವ್ವ ಭಾಂಡೆ ತಿಕ್ಕುವ ಕೆಲಸವನ್ನೂ ಕಳೆದುಕೊಂಡಿದ್ದಳು. ಶೆಲ್ಟರ್ ಎಂದು ಕರೆದವರು ಈಗ ಅಲ್ಲಿಂದಲೂ ಹೊರಗೆ ಹಾಕಿದ್ದರು. ಅವಳು ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಹೇಳಿ ಕಳಿಸಿದವರ ಹಂತ್ಯಾಕ ಹೋಗೂಣು,” ಎಂದಳು.

“ಅಕ್ಕಾ, ನಾ ಸಾಹೇಬಗ ಹೇಳ್ತೀನಿ. ನಾ ಕೇಳ್ತೀನಿ—”

“ನೀ ಏನೂ ಹೇಳಬ್ಯಾಡ. ಬೆನ್ನ ಕೊಡು. ಬಾಯಿ ಬ್ಯಾಡ.”

ತಮ್ಮಾ ಎನ್ನಲಿಲ್ಲ. ಅಂದಿನಿಂದ ಇಂದಿನವರೆಗೂ ಅಂದಿಲ್ಲ.

ರಿಕ್ಷಾದವರು ವಾಸನೆಗೆ ನಿಲ್ಲಲಿಲ್ಲ. ಬಂಡೆಪ್ಪ ಪರಪ್ಪನನ್ನು ಹೊತ್ತು ನಡೆದ. ಮುಂದೆ ಕೊಡ ಹೊತ್ತ ಶರಣವ್ವ, ಹಿಂದೆ ಬಕೆಟ್ ಹಿಡಿದ ಭುವನೇಶ್ವರಿ. ಪರಪ್ಪನ ಕೈಗಳು ಅವನ ಕುತ್ತಿಗೆಯನ್ನು ಬಿಗಿದಿದ್ದವು. ಹುಣ್ಣಿನ ಕೀವು ಬಂಡೆಪ್ಪನ ಕೈಗೆ ಇಳಿಯುತ್ತಿತ್ತು. ಮಾರ್ಕೆಟ್ಟಿನ ಜನ ದಾರಿ ಬಿಟ್ಟರು. ಕೆಲವರು ಕೊಡಕ್ಕೆ ಕೈ ಮುಗಿದರು, ಅದರ ಹಿಂದೆ ಬರುತ್ತಿದ್ದವರನ್ನು ಕಂಡು ಮೂಗು ಮುಚ್ಚಿಕೊಂಡರು. ಇಳಿಸಿ ದಣಿವಾರಿಸಿಕೊಳ್ಳಲು ಬಂಡೆಪ್ಪನಿಗೆ ಮನಸ್ಸು ಬರಲಿಲ್ಲ. ಇಷ್ಟಾದರೂ ತನಗೆ ನೋಯಲಿ ಎಂದುಕೊಂಡ.

ವಾರ್ಡ್ ಆಫೀಸಿನ ಪಡಸಾಲೆಯಲ್ಲಿ ನೀರಿನ ಬಿಲ್ಲಿನವರು, ಜನನ ಪತ್ರದವರು ಸಾಲು ನಿಂತಿದ್ದರು. ಶರಣವ್ವ ಸೀದಾ ಮೆಟ್ಟಿಲು ಹತ್ತಿ, ಬಾಗಿಲಿನ ಎದುರು ನೆಲ ಒರೆಸಿ ಕೊಡ ಇಟ್ಟಳು. ಅದರ ಪಕ್ಕ ಸೀರೆ ಹಾಸಿದಳು. ಬಂಡೆಪ್ಪ ಪರಪ್ಪನನ್ನು ಅದರ ಮೇಲೆ ಮಲಗಿಸಿ, ಮೆಟ್ಟಿಲಿಳಿದು ಅಂಗಳದಲ್ಲಿ ನಿಂತ. ಸಾಲು ಚದುರಿತು. ಸಚಿನ ಹೊರಗೆ ಬಂದ.

“ಇದೇನು ಬಂಡೆಪ್ಪಾ?”

ಶರಣವ್ವ ಉತ್ತರ ಕೊಟ್ಟಳು. “ಅಂವನ್ನೇನ ಕೇಳ್ತೀರಿ? ನನ್ನ ಕೇಳ್ರಿ. ನಮ್ಮನ್ನ ಕೂಡೇ ಇಡ್ತೀವಿ ಅಂತ ಕರದ್ರಿ. ಇಡ್ರಿ.”

“ಬಾಯಿ, ಮೇಲೆ ರಿಪೋರ್ಟ್ ಹೋಗಿದೆ. ಈ ವಾರ್ಡಿನಲ್ಲಿ ಈಗ ಬೀದಿ ಮೇಲೆ ಯಾರೂ ಇಲ್ಲ. ಸಬ್ ಶೆಲ್ಟರಿನಲ್ಲಿ ಇದ್ದಾರೆ.”

“ಯಾರೂ ಇಲ್ಲಂದ್ರ ಇಲ್ಲಿ ಮಲಗಿದಾಂವ ಯಾರು?”

ಸಚಿನ ಪರಪ್ಪನನ್ನು ನೋಡಲಿಲ್ಲ. ನೋಡದೆ ಇರುವುದನ್ನೂ ಕಲಿಸುತ್ತಾರೋ ಏನೋ ಆ ಆಫೀಸಿನಲ್ಲಿ. ಲಾರಿಯವರನ್ನು ಕರೆಸಿದ. ಬಂಡೆಪ್ಪನ ಜೊತೆಯ ಕೂಲಿ ಈರಣ್ಣನೂ ಇನ್ನಿಬ್ಬರೂ ಬಂದು ಕೊಡ ಕಂಡು ಮೆಟ್ಟಿಲ ಕೆಳಗೇ ನಿಂತರು.

“ದೇವರು ಇರಲಿ,” ಎಂದ ಸಚಿನ. “ಪಹಲೇ ಆ ಆದಮಿಯನ್ನು ಎತ್ತಿ. ಗೇಟಿನ ಹೊರಗೆ ಇಡಿ.”

ಮೂವರೂ ಸರಾಗವಾಗಿ ಮೆಟ್ಟಿಲು ಹತ್ತಿದರು. ಮನುಷ್ಯನನ್ನು ಎತ್ತಲು ಕಾಲು ತೊಳೆಯಬೇಕಾಗಿಲ್ಲ, ಚಪ್ಪಲಿ ಬಿಡಬೇಕಾಗಿಲ್ಲ. ಮನುಷ್ಯನನ್ನು ಮುಟ್ಟಿದರೆ ಯಾರ ಕೈಯೂ ಬಾತುಕೊಳ್ಳುವುದಿಲ್ಲ. ಈರಣ್ಣ ಪರಪ್ಪನ ಕಾಲು ಹಿಡಿಯಲು ಬಗ್ಗಿದ.

ಶರಣವ್ವ ಕೊಡ ಎತ್ತಿ ಪರಪ್ಪನ ಎದೆಯ ಮೇಲೆ ಇಟ್ಟಳು.

ಪರಪ್ಪ ಎರಡೂ ಕೈಯಿಂದ ಅದನ್ನು ತಬ್ಬಿಕೊಂಡ. ಅವನು ಉಸಿರಾಡಿದಾಗಲೆಲ್ಲ ತಾಯಿಯ ಮುಖ ಮೇಲೆ ಕೆಳಗೆ ಆಗುತ್ತಿತ್ತು. ಈರಣ್ಣ ಹಿಡಿದ ಕಾಲು ಬಿಟ್ಟ. ಮೂವರೂ ಹಿಂದೆ ಸರಿದರು. ಸಾಲಿನಲ್ಲಿದ್ದ ಯಾವುದೋ ಮುದುಕಿ ಕೈ ಮುಗಿದಳು. ಈಗ ಸಚಿನನೂ ಪರಪ್ಪನನ್ನು ನೋಡಲೇಬೇಕಾಯಿತು. ಎಲ್ಲರ ಕಣ್ಣು ಅಂಗಳದಲ್ಲಿದ್ದ ಬಂಡೆಪ್ಪನ ಕಡೆ ತಿರುಗಿತು.

“ಬಂಡೆಪ್ಪಾ, ಕೈಕಾಲು ತೊಳೆದುಕೋ,” ಎಂದ ಸಚಿನ. “ಬಾ, ಎತ್ತು.”

“ಎತ್ತಂಗಿಲ್ಲ.”

“ಕ್ಯಾ?”

“ಎತ್ತಂಗಿಲ್ಲರಿ. ಇದನ್ನೂ ಎತ್ತಂಗಿಲ್ಲ, ಇನ್ನ ಮುಂದ ಯಾವುದನ್ನೂ ಎತ್ತಂಗಿಲ್ಲ.”

“ನೌಕರಿ ಹೋಗ್ತದೆ. ಸೋಚ್ ಲೇ.”

“ಹೋಗ್ಲಿ. ನೀವು ಕೂಡೇ ಇಡಾಕ ಆಗಂಗಿಲ್ಲ ಅಂತ ನನಗ ಅವತ್ತ ಗೊತ್ತಿತ್ತು. ಗೊತ್ತಿದ್ದೂ ನಾ ಭಂಡಾರ ಮುಟ್ಟಿದೆ. ಬೇಕಾದ್ರ ನೀವ ಬಂದು ಎತ್ರಿ ಸಾಹೇಬ್ರ. ನಿಮಗೂ ಕೈ ಅದಾವ.”

ಸಚಿನ ತನ್ನ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿದ. ಒಳಗೆ ಹೋಗಿ ಯಾರಿಗೋ ಫೋನ್ ಮಾಡತೊಡಗಿದ. ಅವನ ದನಿ ಹೊರಗೆ ಕೇಳಿಸುತ್ತಿತ್ತು. ಪೊಲೀಸ್ ಎನ್ನುತ್ತಿದ್ದ, ಆಂಬ್ಯುಲೆನ್ಸ್ ಎನ್ನುತ್ತಿದ್ದ, ಪೂಜಾರಿ ಸಿಗುತ್ತಾನೋ ನೋಡಿ ಎನ್ನುತ್ತಿದ್ದ. ಇಷ್ಟು ದಿನ ಪರಪ್ಪನಿಗಾಗಿ ಒಬ್ಬರೂ ಫೋನ್ ಮಾಡಿರಲಿಲ್ಲ.

ಭುವನೇಶ್ವರಿ ಬಕೆಟ್ ಹಿಡಿದು ಆಫೀಸಿನ ನಳದಿಂದ ನೀರು ತಂದಳು. ಶರಣವ್ವ ಗಂಡನ ಸೊಂಟದ ಕೆಳಗೆ ಕೈ ಕೊಟ್ಟು, ಎದೆಯ ಮೇಲಿನ ಕೊಡ ಅಲುಗದ ಹಾಗೆ, ಅವನನ್ನು ಒಂದು ಮಗ್ಗಲಿಗೆ ಸ್ವಲ್ಪವೇ ವಾಲಿಸಿದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಬಂಡೆಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಕಾಲಿಟ್ಟ.

“ಅಲ್ಲೇ ನಿಂದ್ರು,” ಎಂದಳು ಶರಣವ್ವ, ತಲೆ ಎತ್ತದೆ. “ಇನ್ನ ಇದು ನಮ್ಮ ಮನಿ. ಕರದಾಗ ಬಾ.”

ಬಂಡೆಪ್ಪ ಕಾಲು ಹಿಂದೆ ತೆಗೆದ. ಅಂಗಳದ ಕಲ್ಲು ಕಾದಿತ್ತು. ಬರಿಗಾಲಲ್ಲಿ ಅಲ್ಲೇ ನಿಂತ. ಅವಳು ಕರೆಯಲಿಲ್ಲ.